ಬೀಡಿನ ಕಾವಲಿಯಲ್ಲಿ ದಾಲ್ಚಿನ್ನಿ ರೋಲು: ಬೊರಿವಲಿಯ ಒಂದು ಅಡುಗೆಮನೆಯ ಅನುಭವ

ಆರ್ಡರು ಹಿಡಿಯುವಾಗ ‘ಆಗುವುದಿಲ್ಲ’ ಎಂಬ ಮಾತು ನಮ್ಮ ಉದ್ಯಮದವರ ಬಾಯಿಗೆ ಸುಲಭಕ್ಕೆ ಬರುವುದಿಲ್ಲ. ಬಂದರೂ ನುಂಗಿಕೊಳ್ಳುತ್ತೇವೆ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬೊರಿವಲಿ ಪಶ್ಚಿಮದ ಒಂದು ಗುಜರಾತಿ ಮನೆಯವರು ಮಗಳ ನಿಶ್ಚಿತಾರ್ಥದ ಬೆಳಗಿನ ತಿಂಡಿಗೆ ನಮ್ಮನ್ನು ಕರೆದಾಗ ಆದದ್ದೂ ಅದೇ. ಹನ್ನೊಂದು ವರ್ಷಗಳಿಂದ ಆ ಮನೆಯ ಸೀಮಂತ, ನಾಮಕರಣ, ವಾಸ್ತು ಎಲ್ಲದಕ್ಕೂ ನಮ್ಮದೇ ಇಡ್ಲಿ, ವಡೆ, ಮಂಗಳೂರು ಬನ್ಸು. ಈ ಸಲ 60 ಮಂದಿ. ಪಟ್ಟಿ ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಅಮೆರಿಕದಲ್ಲಿ ಓದಿ ಬಂದ ಮಗಳು ಹೊರಗೆ ಬಂದು, “ಅಂಕಲ್, ಸಿನಮನ್ ರೋಲ್ ಬೇಕು. ಕಪ್ಪು ಕಬ್ಬಿಣದ ಪ್ಯಾನಿನಲ್ಲೇ ಬೇಯಿಸಿ, ಹಾಗೇ ಬಿಸಿಬಿಸಿ ಮೇಜಿಗೆ ತರಬೇಕು. ಮೊಟ್ಟೆ ಮಾತ್ರ ಬೇಡ” ಎಂದಳು. ಅವಳ ತಾಯಿ ಮೆಲ್ಲಗೆ ಸೇರಿಸಿದ ಮಾತು ನಮಗೆ ಚುಚ್ಚಿತು. ನಿಮಗೆ ಆಗದಿದ್ದರೆ ಕಾಂಟಿನೆಂಟಲ್ ಕೌಂಟರ್ ಮಾಡುವವರು ಇದ್ದಾರೆ, ಅವರು ಇಡ್ಲಿಯನ್ನೂ ಕೊಡುತ್ತಾರಂತೆ.

ಇಲ್ಲಿಯ ನಮ್ಮ ಸದಸ್ಯರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಒಂದು ಮೂಲೆಯಲ್ಲಿ ಪಾಸ್ತಾ ಕೌಂಟರ್ ಎಂದು ಬರುತ್ತಾರೆ. ಮುಂದಿನ ಸಮಾರಂಭಕ್ಕೆ ಇಡೀ ಹಾಲು ಅವರದ್ದು. ನಾವು ‘ಆಗುತ್ತದೆ’ ಎಂದು ಹೇಳಿ ಎದ್ದುಬಂದೆವು. ಆ ತನಕ ನಾವು ಈ ರೋಲನ್ನು ಮಾಲಿನಲ್ಲಿ ಒಂದೆರಡು ಸಲ ತಿಂದದ್ದು ಬಿಟ್ಟರೆ ಮಾಡಿದವರಲ್ಲ.

ತಿಂಡಿಯ ಹಿನ್ನೆಲೆ ಎರಡು ಮಾತಿನಲ್ಲಿ. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ಲಟ್ಟಿಸಿ, ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಪುಡಿ ಸವರಿ, ಪತ್ರೊಡೆಯ ಹಾಗೆ ಸುತ್ತಿ, ತುಂಡು ಮಾಡಿ ಬೇಯಿಸುವುದು. ಸ್ವೀಡನ್, ಡೆನ್ಮಾರ್ಕ್ ದೇಶಗಳಲ್ಲಿ ಇದು ಮನೆಮನೆಯ ತಿನಿಸು. ಸ್ವೀಡನ್ನಿನಲ್ಲಿ 1999ರಿಂದ ಅಕ್ಟೋಬರ್ 4ನ್ನು ದಾಲ್ಚಿನ್ನಿ ಬನ್ನಿನ ದಿನವೆಂದೇ ಆಚರಿಸುತ್ತಾರೆ, ಮತ್ತು ಅವರು ಹಿಟ್ಟಿಗೆ ಏಲಕ್ಕಿ ಹಾಕುತ್ತಾರೆ ಎಂಬುದು ನಮ್ಮವರಿಗೆ ಕೇಳಲು ಖುಷಿಯ ವಿಷಯ. ಅಮೆರಿಕದಲ್ಲಿ ಇದನ್ನು ದೊಡ್ಡದಾಗಿ, ಮೆತ್ತಗೆ, ಮೇಲೆ ಬಿಳಿ ಐಸಿಂಗ್ ಸುರಿದು ಮಾಲುಗಳಲ್ಲಿ ಮಾರುವ ಪದ್ಧತಿಗೆ ಹೆಸರು ತಂದ ಸಿನಬನ್ ಅಂಗಡಿ ಶುರುವಾದದ್ದು 1985ರಲ್ಲಿ, ಸಿಯಾಟಲ್ ನಗರದ ಹತ್ತಿರ. ಹುಡುಗಿ ಕೇಳಿದ್ದು ಆ ಜಾತಿಯ ರೋಲು, ಆದರೆ ಅಲ್ಲಿಯ ಮನೆಗಳಲ್ಲಿ ಮಾಡುವಂತೆ ಕಬ್ಬಿಣದ ಸ್ಕಿಲ್ಲೆಟ್ಟಿನಲ್ಲಿ.

ಸ್ಕಿಲ್ಲೆಟ್ ಎಂದರೆ ಬೇರೇನಲ್ಲ, ಎರಡಂಗುಲ ಎತ್ತರದ ಅಂಚಿರುವ ಬೀಡಿನ ಕಾವಲಿ. ನಮ್ಮ ಊರಿನಲ್ಲಿ ಎರಕದ ಕಬ್ಬಿಣಕ್ಕೆ ಬೀಡು ಎನ್ನುತ್ತೇವೆ, ಮರಾಠಿಯವರೂ ‘ಬಿಡಾಚಾ ತವಾ’ ಎನ್ನುತ್ತಾರೆ. ಹಾಗಾಗಿ ಬೊರಿವಲಿ ಮಾರ್ಕೆಟ್ಟಿನ ಪಾತ್ರೆ ಅಂಗಡಿಯಲ್ಲಿ ಹೆಸರಿಗೆ ತೊಂದರೆಯಾಗಲಿಲ್ಲ. 10 ಇಂಚಿನದೊಂದು ತಂದೆವು. ತೂಕ ಎರಡು ಕಿಲೋ ಮೀರಿತ್ತು. ಅಂಗಡಿಯಿಂದಲೇ ಎಣ್ಣೆ ಹಿಡಿಸಿ ಬಂದದ್ದು, ಕಾವಲಿ ಪಳಗಿಸುವ ಕೆಲಸ ಇಲ್ಲ ಎಂದುಕೊಂಡೆವು.

ಮೊದಲ ಪ್ರಯೋಗ ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಆರ್ಡರು ಯಾವುದೂ ಇಲ್ಲದ ದಿನ. ನೋಡಿ ಬರೆದುಕೊಂಡ ಅಳತೆಯಂತೆ ಎಲ್ಲ ಮಾಡಿದೆವು. ಹಿಟ್ಟು ಚೆನ್ನಾಗಿಯೇ ಉಬ್ಬಿತು. 180 ಡಿಗ್ರಿಗೆ ಕಾದ ಓವನಿನಲ್ಲಿ ಇಟ್ಟು 25 ನಿಮಿಷಕ್ಕೆ ತೆಗೆದರೆ ಮೇಲೆ ಹೊಂಬಣ್ಣ, ನೋಡಿದರೆ ಪತ್ರಿಕೆಯ ಚಿತ್ರದ ಹಾಗೆ. ಬಿಡಿಸಿದರೆ ಬುಡ ಹಸಿ. ಚಾಕುವಿಗೆ ಹಿಟ್ಟು ಮೆತ್ತಿಕೊಂಡಿತು. ಎರಡನೆಯ ಸಲ ಸಿಟ್ಟಿನಲ್ಲಿ 40 ನಿಮಿಷ ಇಟ್ಟೆವು. ಈಗ ಬುಡ ಬೆಂದಿತ್ತು, ಬೆಂದು ಕಪ್ಪಾಗಿತ್ತು. ಸುರಿದ ಸಕ್ಕರೆ ಕಾವಲಿಗೆ ಕಹಿ ಗಾಜಿನಂತೆ ಅಂಟಿತ್ತು. ಹದಿನಾಲ್ಕು ರೋಲು ಬುಟ್ಟಿಗೆ. ರೆಡಿ ಮಾಡಿ ಶೀತಲೀಕರಿಸಿ ಮಾರುವ ಒಬ್ಬರ ಸ್ಯಾಂಪಲ್ಲು ಫ್ರೀಜರಿನಲ್ಲಿತ್ತು. ಅದನ್ನೇ ಬಿಸಿ ಮಾಡಿ ಕಾವಲಿಯಲ್ಲಿ ಜೋಡಿಸಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬಂದದ್ದು ನಿಜ. ಮುಚ್ಚುಮರೆ ಯಾಕೆ?

ನಮ್ಮ ಅಡುಗೆಮನೆಯಲ್ಲಿ ಕಾರ್ಕಳದ ಕಡೆಯ ಹಿರಿಯ ಭಟ್ಟರೊಬ್ಬರಿದ್ದಾರೆ. ಓವನಿನ ಕೆಲಸ ಹುಡುಗರದ್ದು ಎಂದು ಆ ತನಕ ದೂರವೇ ನಿಂತಿದ್ದರು. ಕರಕಲು ಕಾವಲಿಯನ್ನು ತಿರುಗಿಸಿ ನೋಡಿ ಹೇಳಿದರು, “ನೀವು ಕಾವಲಿ ಕಾಯಿಸ್ಲೇ ಇಲ್ಲ ಮಾರಾಯ್ರೆ. ತಣ್ಣಗಿನ ಬೀಡಿಗೆ ಯಾರಾದ್ರೂ ದೋಸೆ ಹೊಯ್ತಾರಾ?” ದೋಸೆಯಂತೆ ಕಾದ ಕಾವಲಿಗೆ ಇದನ್ನು ಇಡಲಾಗದು, ಹಿಟ್ಟು ಅದರಲ್ಲೇ ಎರಡನೆಯ ಸಲ ಉಬ್ಬಬೇಕು ಎಂದು ನಾವು ವಾದಿಸಿದೆವು. “ಹಾಗಾದ್ರೆ ಉಬ್ಬಿದ ಮೇಲೆ ಕಾಯ್ಸಿ. ಗೆಂಡದಡ್ಯೆಗೆ ಏನು ಮಾಡ್ತಿದ್ರು ನಿಮ್ಮಮ್ಮ?”

ಗೆಂಡದಡ್ಯೆಯನ್ನು ಹೊಸ ತಲೆಮಾರಿನವರು ಕಂಡಿರಲಿಕ್ಕಿಲ್ಲ. ತುಳುನಾಡಿನ ಮನೆಗಳಲ್ಲಿ ಬೆಲ್ಲ, ತೆಂಗಿನಕಾಯಿ ಸೇರಿಸಿದ ಅಕ್ಕಿಹಿಟ್ಟನ್ನು ಪಾತ್ರೆಗೆ ಹೊಯ್ದು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಓವನ್ ಇಲ್ಲದ ಕಾಲದ ಬೇಕಿಂಗ್ ಅದು. ಅಲ್ಲಿ ಬುಡದ ಬೆಂಕಿಯನ್ನೂ ಮೇಲಿನ ಬೆಂಕಿಯನ್ನೂ ಬೇರೆ ಬೇರೆ ನೋಡಿಕೊಳ್ಳಬೇಕು. ಒಂದೇ ಉಷ್ಣತೆಯ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿದ ನಾವು ಅದನ್ನು ಮರೆತಿದ್ದೆವು.

ಭಟ್ಟರು ಹೇಳಿದ್ದು ಸರಿ ಏಕೆಂಬುದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಬೀಡು ಬಿಸಿಯನ್ನು ಬೇಗ ದಾಟಿಸುವ ಲೋಹವಲ್ಲ. ಅಲ್ಯುಮಿನಿಯಂ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಚುರುಕು. ತೆಳ್ಳಗಿನ ಅಲ್ಯುಮಿನಿಯಂ ಟ್ರೇ ಓವನಿಗೆ ಹೋದ ಕೆಲವೇ ನಿಮಿಷಗಳಲ್ಲಿ ಬಿಸಿಯಾಗುತ್ತದೆ. ಎರಡು ಕಿಲೋ ಬೀಡು ಅಷ್ಟು ಬಿಸಿಯಾಗುವ ಹೊತ್ತಿಗೆ ರೋಲಿನ ತಲೆ ಕೆಂಪಾಗಿರುತ್ತದೆ. ಆದರೆ ಒಮ್ಮೆ ಕಾದ ಬೀಡು ಬಿಸಿಯನ್ನು ಬಿಟ್ಟುಕೊಡುವುದೂ ಇಲ್ಲ. ಹೊರಗೆ ತೆಗೆದಿಟ್ಟ ಮೇಲೂ ಹತ್ತು ನಿಮಿಷ ಬೇಯಿಸುತ್ತಲೇ ಇರುತ್ತದೆ. ಸಕ್ಕರೆ 160 ಡಿಗ್ರಿಯ ಆಸುಪಾಸಿನಲ್ಲಿ ಕಂದಲು ಶುರುವಾಗುತ್ತದೆ. ಆ ಹಂತ ದಾಟಿದ ಕಾವಲಿಯಲ್ಲಿ ಐದು ನಿಮಿಷ ಹೆಚ್ಚಾದರೆ ಕಹಿ. ಆದ್ದರಿಂದ ಉಬ್ಬಿದ ರೋಲುಗಳ ಸಮೇತ ಕಾವಲಿಯನ್ನು ಗ್ಯಾಸಿನ ಅತಿ ಸಣ್ಣ ಉರಿಯಲ್ಲಿ ಎರಡು-ಮೂರು ನಿಮಿಷ ಇಡಬೇಕು. ಹೊರ ಅಂಚನ್ನು ಬೆರಳಿನಿಂದ ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ನಡುವೆ ಒಂದೇ ಕಡೆ ಉರಿ ತಾಗದಂತೆ ಕಾವಲಿಯನ್ನು ತಿರುಗಿಸುತ್ತಿರಬೇಕು. ಆಮೇಲೆ ಓವನ್. 22 ನಿಮಿಷಕ್ಕೆ, ಮೇಲಿನ ಬಣ್ಣ ಇನ್ನೂ ಸ್ವಲ್ಪ ಬೇಕಿತ್ತು ಅನ್ನಿಸುವಾಗಲೇ ತೆಗೆಯಬೇಕು. ಉಳಿದದ್ದನ್ನು ಕಾವಲಿ ನೋಡಿಕೊಳ್ಳುತ್ತದೆ. ತಾಪಮಾಪಕ ಇರುವವರು ನಡುವಿನ ರೋಲಿಗೆ ಚುಚ್ಚಿದರೆ 90 ಡಿಗ್ರಿ ತೋರಿಸಬೇಕು. ಫ್ಯಾನ್ ಇರುವ ಓವನಾದರೆ 165ಕ್ಕೆ ಇಳಿಸಿ.

ಮೂರನೆಯ ಸಲ ಬುಡ ತೆಳುವಾಗಿ ಗರಿಗರಿ, ಒಳಗೆ ಹತ್ತಿ. ಭಟ್ಟರು ಒಂದು ತಿಂದು, “ಬೆಲ್ಲ ಹಾಕ್ಬಹುದಿತ್ತು” ಎಂದಷ್ಟೇ ಹೇಳಿ ಹೋದರು.

ಈಗ ಅಳತೆ, 10 ಇಂಚಿನ ಒಂದು ಕಾವಲಿಗೆ. ಮೈದಾ 300 ಗ್ರಾಂ, ಹಾಲು 200 ಮಿಲಿ, ಸಕ್ಕರೆ 35 ಗ್ರಾಂ, ಬೆಣ್ಣೆ 40 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 5 ಗ್ರಾಂ, ನಾಲ್ಕು ಏಲಕ್ಕಿಯ ಪುಡಿ. ಮೊಟ್ಟೆಯಿಲ್ಲದೆ ಮೆತ್ತಗೆ ಬರಲು ಒಂದು ಉಪಾಯವನ್ನು ಐ.ಸಿ. ಕಾಲೊನಿಯಲ್ಲಿ ಮನೆಯಲ್ಲೇ ಕೇಕು ಮಾಡಿ ಮಾರುವ, ಮಂಗಳೂರು ಕಡೆಯ ಅಕ್ಕ ಒಬ್ಬರು ಹೇಳಿಕೊಟ್ಟರು. ಇದೇ ಅಳತೆಯೊಳಗಿನ 20 ಗ್ರಾಂ ಮೈದಾವನ್ನು 100 ಮಿಲಿ ಹಾಲಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸುವುದು. ರಾಗಿ ಮಣ್ಣಿಗಿಂತ ಸ್ವಲ್ಪ ತೆಳ್ಳಗೆ, ಚಮಚ ಎಳೆದ ಗೆರೆ ನಿಲ್ಲುವ ಹದಕ್ಕೆ ಬಂದಾಗ ಇಳಿಸಿ ಆರಿಸಿ ಹಿಟ್ಟಿಗೆ ಸೇರಿಸುವುದು. ಚೀನಾ, ಜಪಾನಿನ ಬೇಕರಿಗಳಲ್ಲಿ ಬಹಳ ಬಳಕೆಯಲ್ಲಿರುವ ವಿಧಾನವಿದು. ಹೀಗೆ ಬೆಂದ ಗಂಜಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರೋಲು ಮರುದಿನವೂ ಒಣಗುವುದಿಲ್ಲ. ನಮ್ಮ ಕೇಟರಿಂಗಿಗೆ ಇದು ಮೊಟ್ಟೆಗಿಂತ ಹೆಚ್ಚು ಉಪಕಾರಿ ಎಂದು ನಮ್ಮ ಅಭಿಪ್ರಾಯ.

ಬೆಣ್ಣೆ ಬಿಟ್ಟು ಉಳಿದದ್ದನ್ನು ಮೊದಲು ಕಲಸಿ, ಹತ್ತು ನಿಮಿಷ ನಾದಿ, ಕೊನೆಗೆ ಮೆತ್ತಗಿನ ಬೆಣ್ಣೆ ಸೇರಿಸಿ ಇನ್ನೈದು ನಿಮಿಷ ನಾದಬೇಕು. ಕೈಗೆ ಸ್ವಲ್ಪ ಅಂಟುವುದು ಸರಿ. ಪೂರಿ ಹಿಟ್ಟಿನ ಅಭ್ಯಾಸದಲ್ಲಿ ಮೈದಾ ಉದುರಿಸುತ್ತಾ ಹೋದರೆ ರೋಲು ಕಲ್ಲು. ಇಮ್ಮಡಿಯಾದ ಹಿಟ್ಟನ್ನು 11 ಇಂಚು, 13 ಇಂಚಿನ ಹಾಳೆಯಾಗಿ ಲಟ್ಟಿಸಿ. ಮೇಲೆ 30 ಗ್ರಾಂ ಮೆತ್ತಗಿನ ಬೆಣ್ಣೆ (ಕರಗಿಸಿದ್ದಲ್ಲ), ಅದರ ಮೇಲೆ 70 ಗ್ರಾಂ ಪುಡಿ ಬೆಲ್ಲ, 6 ಗ್ರಾಂ ದಾಲ್ಚಿನ್ನಿ ಪುಡಿ. ಕಂದು ಸಕ್ಕರೆಯ ಬದಲು ಬೆಲ್ಲ ಹಾಕಿದ್ದು ಭಟ್ಟರ ಮಾತಿಗೆ. ರುಚಿ ಏರಿತು, ಆದರೆ ಬೆಲ್ಲದಲ್ಲಿ ನೀರಿನಂಶ ಇರುವುದರಿಂದ ಬೇಗ ಕರಗಿ ಬುಡಕ್ಕೆ ಇಳಿಯುತ್ತದೆ. ಅದಕ್ಕೆ ಒಂದು ಚಮಚ ಮೈದಾ ಬೆರೆಸಿಕೊಳ್ಳಿ. ದಾಲ್ಚಿನ್ನಿಯನ್ನು ಹಿಟ್ಟಿನೊಳಗೇ ಕಲಸುವ ಆಸೆ ಬೇಡ, ಅದರ ಎಣ್ಣೆಯ ಅಂಶ ಯೀಸ್ಟನ್ನು ತಡೆಯುತ್ತದೆ. 13 ಇಂಚಿನ ಕಡೆಯನ್ನು ಸುತ್ತುತ್ತಾ ಹೋದರೆ 11 ಇಂಚು ಉದ್ದದ ಸುರುಳಿ, ಏಳು ತುಂಡು. ಚಾಕು ಒತ್ತಿದರೆ ಸುರುಳಿ ಚಪ್ಪಟೆಯಾಗುತ್ತದೆ. ಅಡಿಯಿಂದ ಹೂ ಕಟ್ಟುವ ದಾರ ಹಾಕಿ ಮೇಲೆ ಅಡ್ಡ ಎಳೆದರೆ ಕತ್ತರಿಸಿದ್ದು ಗೊತ್ತೇ ಆಗುವುದಿಲ್ಲ. ಬೆಣ್ಣೆ ಸವರಿದ ಕಾವಲಿಯಲ್ಲಿ ನಡುವೆ ಒಂದು, ಸುತ್ತ ಆರು.

ಮುಂಬಯಿಯ ಹವೆಗೆ ಗಡಿಯಾರ ನೋಡಿ ಹಿಟ್ಟು ಉಬ್ಬಿಸಲಾಗದು. ಅಕ್ಟೋಬರಿನ ಸೆಖೆಯಲ್ಲಿ ನಮಗೆ ಮೊದಲ ಉಬ್ಬು ಮುಕ್ಕಾಲು ಗಂಟೆಗೆ ಮುಗಿಯಿತು. ಜನವರಿಯ ಬೆಳಗ್ಗೆ ಎರಡು ಗಂಟೆ ಬೇಕಾಯಿತು. ಇಡ್ಲಿ ಹಿಟ್ಟಿನ ಲೆಕ್ಕ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಲು ಮಾತ್ರ ಬೆಚ್ಚಗಿರಲಿ, ಕುದಿ ಹಾಲು ಯೀಸ್ಟನ್ನು ಕೊಲ್ಲುತ್ತದೆ.

ಇನ್ನು ದಾಲ್ಚಿನ್ನಿಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಪಲಾವಿಗೆ, ಕುರ್ಮಕ್ಕೆ ಬೀಳುವ ಚಕ್ಕೆ ಹೆಚ್ಚಾಗಿ ದಾಲ್ಚಿನ್ನಿಯೇ ಅಲ್ಲ, ಕ್ಯಾಸಿಯಾ. ಗುಜರಾತಿ ಅಂಗಡಿಯಲ್ಲಿ ‘ತಜ್’ ಎಂದು ಕೊಡುವ ದಪ್ಪ, ಗಟ್ಟಿ, ಒಂದೇ ಪದರದ ತೊಗಟೆ. ನಿಜವಾದ ದಾಲ್ಚಿನ್ನಿ ಅಂದರೆ ಸಿಲೋನಿನದ್ದು. ಕಾಗದದಷ್ಟು ತೆಳ್ಳಗಿನ ಹಲವು ಪದರ ಚುಟ್ಟದಂತೆ ಸುತ್ತಿರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲೂ ಕ್ಯಾಸಿಯಾ ಬೇರೆ, ದಾಲ್ಚಿನ್ನಿ ಬೇರೆ. ಕೊಂಕಣದಲ್ಲೂ ಒಳ್ಳೆಯ ದಾಲ್ಚಿನ್ನಿ ಬೆಳೆಯುತ್ತದೆ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ‘ಕೊಂಕಣ ತೇಜ್’ ಎಂಬ ತಳಿಯನ್ನೇ ಬಿಡುಗಡೆ ಮಾಡಿದೆ.

ರೋಲಿಗೆ ಯಾವುದು? ರುಚಿಯೊಂದನ್ನೇ ನೋಡಿದರೆ ಕ್ಯಾಸಿಯಾ ಎಂದೇ ಹೇಳಬೇಕು. ಅಮೆರಿಕದ ರೋಲಿನ ಆ ಖಾರದ ಘಮ ಇಂಡೋನೇಷ್ಯಾದ ಕ್ಯಾಸಿಯಾದ್ದು. ಸಿಲೋನಿನದ್ದು ನಯ, ಬೆಣ್ಣೆ-ಬೆಲ್ಲದ ನಡುವೆ ಹಿಂದೆ ನಿಲ್ಲುತ್ತದೆ. ಆದರೆ ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶವಿದೆ, ದಿನವೂ ಹೆಚ್ಚು ತಿಂದರೆ ಕೆಲವರ ಯಕೃತ್ತಿಗೆ ಒಳ್ಳೆಯದಲ್ಲ. ಯುರೋಪಿನವರು ದಿನನಿತ್ಯ ತಿನ್ನಬಹುದಾದ ಮಿತಿಯನ್ನು ದೇಹದ ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಎಂದಿಟ್ಟಿದ್ದಾರೆ. ಕ್ಯಾಸಿಯಾದಲ್ಲಿ ಕಿಲೋಗೆ ಸರಾಸರಿ 3 ಗ್ರಾಂ ಕೂಮರಿನ್ ಎಂದು ಹಿಡಿದರೆ, ನಮ್ಮ ಅಳತೆಯ ಒಂದು ರೋಲಿನಲ್ಲಿ ಸುಮಾರು ಎರಡೂವರೆ ಮಿಲಿಗ್ರಾಂ. 20 ಕಿಲೋ ತೂಕದ ಮಗುವಿನ ದಿನದ ಮಿತಿ 2 ಮಿಲಿಗ್ರಾಂ. ಸಮಾರಂಭದಲ್ಲಿ ಒಂದು ದಿನ ತಿಂದರೆ ಹೆದರುವ ಕಾರಣವಿಲ್ಲ. ಆದರೆ ಶಾಲೆಗಳಿಗೆ, ಕಚೇರಿಗಳಿಗೆ ದಿನವೂ ತಿಂಡಿ ಕಳಿಸುವ ಸದಸ್ಯರು ಇದನ್ನು ಪಟ್ಟಿಗೆ ಸೇರಿಸುವ ಮೊದಲು ಯೋಚಿಸಲಿ, ಅಲ್ಲಿಗೆ ಸಿಲೋನಿನದ್ದೇ ಬಳಸಲಿ. ಡೆನ್ಮಾರ್ಕಿನಲ್ಲಿ 2013ರಲ್ಲಿ ಇದೇ ಕಾರಣಕ್ಕೆ ಬೇಕರಿಯವರಿಗೂ ಅಧಿಕಾರಿಗಳಿಗೂ ದೊಡ್ಡ ಜಟಾಪಟಿ ನಡೆದಿತ್ತು. ಯುರೋಪಿನ ನಿಯಮದಂತೆ ಸಾಮಾನ್ಯ ಬೇಕರಿ ತಿನಿಸಿಗೆ ಕಿಲೋಗೆ 15 ಮಿಲಿಗ್ರಾಂ ಮಿತಿ, ಹಬ್ಬದ ತಿನಿಸಿಗೆ 50. ಅವರ ಸಾಂಪ್ರದಾಯಿಕ ರೋಲು ಯಾವ ಸಾಲಿಗೆ ಸೇರುತ್ತದೆ ಎಂಬುದೇ ಜಗಳ. ನಾವು ಈಗ ಎರಡನ್ನೂ ಸಮಸಮ ಬೆರೆಸುತ್ತೇವೆ, ಗಿರಾಕಿ ಕೇಳಿದರೆ ಹಾಗೆಂದೇ ಹೇಳುತ್ತೇವೆ. ಸಿಲೋನಿನದ್ದಕ್ಕೆ ಬೆಲೆ ಬಹಳ ಹೆಚ್ಚು, ಆದರೆ ಒಂದು ಕಾವಲಿಗೆ ಹೋಗುವುದು ಮೂರು ಗ್ರಾಂ.

ಚಕ್ಕೆ ಎಂದಾಗ ನೆನಪಾಯಿತು. ಮೇಲಿನ ಐಸಿಂಗಿಗೆ ಕ್ರೀಮ್ ಚೀಸ್ ದುಬಾರಿಯೆಂದು ಡೈರಿಯಲ್ಲಿ ಶ್ರೀಖಂಡಕ್ಕೆ ಮಾರುವ ಚಕ್ಕಾ, ಅಂದರೆ ನೀರು ಬಸಿದ ಮೊಸರು, ತರಲು ಹೊಸ ಹುಡುಗನನ್ನು ಓಡಿಸಿದೆವು. ಕುಂದಾಪುರದಿಂದ ಬಂದು ವಾರವಾಗಿತ್ತಷ್ಟೆ. ಅವನು ಕಿರಾಣಿ ಅಂಗಡಿಯಿಂದ ಅರ್ಧ ಕಿಲೋ ಚಕ್ಕೆ ತಂದ! ಆ ಅರ್ಧ ಕಿಲೋ ಇನ್ನೂ ಪಲಾವಿಗೆ ಖರ್ಚಾಗುತ್ತಿದೆ. ಚಕ್ಕಾ 150 ಗ್ರಾಂ, ಪುಡಿ ಸಕ್ಕರೆ 50, ಬೆಣ್ಣೆ 20 ಗ್ರಾಂ ಸೇರಿಸಿ ಕಡೆದರೆ ಹುಳಿಸಿಹಿ ಐಸಿಂಗ್ ಸಿದ್ಧ. ಬಡಿಸುವ ಹೊತ್ತಿಗೆ ಮಾತ್ರ ಹಾಕಬೇಕು. ಹುಳಿ ಕಾವಲಿಯಲ್ಲಿ ಕೂತರೆ ಕಬ್ಬಿಣದ ವಾಸನೆ ಬರುತ್ತದೆ, ಹಿಡಿಸಿದ ಎಣ್ಣೆಯೂ ಏಳುತ್ತದೆ.

ಸಮಾರಂಭದ ದಿನಕ್ಕೆ ಒಟ್ಟು ಒಂಬತ್ತು ಕಾವಲಿ ಬೇಕಾಯಿತು. 63 ರೋಲು. ನಮ್ಮ ಓವನಿನಲ್ಲಿ ಒಂದು ಸಲಕ್ಕೆ ಮೂರು. ಹಾಗಾಗಿ ಎರಡನೆಯ, ಮೂರನೆಯ ಸರದಿಯ ರೋಲುಗಳು ಹೆಚ್ಚು ಉಬ್ಬದಂತೆ ಫ್ರಿಜ್ಜಿನಲ್ಲಿಟ್ಟು ಮೊದಲೇ ಹೊರಗೆ ತೆಗೆದೆವು. (ಬೆಂದ ರೋಲನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡಿ, ಅಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ.) ಅಡುಗೆಮನೆಯಿಂದ ಆ ಸೊಸೈಟಿಯ ಹಾಲಿಗೆ ಟೆಂಪೋದಲ್ಲಿ ಐದು ನಿಮಿಷದ ದಾರಿ, ಕಾವಲಿ ಬಿಸಿ ಆರಲೇ ಇಲ್ಲ. ಅದೇ ಅಪಾಯ ಕೂಡ. ಮಕ್ಕಳು ಓಡಾಡುವ ಕಡೆ ಹಿಡಿ ಹೊರಗೆ ಚಾಚಿದ ಬಿಸಿ ಕಾವಲಿ! ಹಿಡಿಗೆ ದಪ್ಪ ಒಣ ಬಟ್ಟೆ ಸುತ್ತಿ, ಮರದ ಹಲಗೆಯ ಮೇಲಿಟ್ಟು, ಹಿಂದೆ ಒಬ್ಬ ಹುಡುಗನನ್ನು ನಿಲ್ಲಿಸಿದೆವು. ಒದ್ದೆ ಬಟ್ಟೆಯಿಂದ ಹಿಡಿದು ಒಬ್ಬ ಕೈ ಸುಟ್ಟುಕೊಂಡದ್ದು ಹಿಂದಿನ ವಾರದ ಪಾಠ. ಒದ್ದೆ ಬಟ್ಟೆಯಲ್ಲಿ ಬಿಸಿ ಕ್ಷಣದಲ್ಲಿ ದಾಟುತ್ತದೆ.

ಯೀಸ್ಟ್ ಬೇಡವೆನ್ನುವ ಕೆಲವು ಜೈನ ಅತಿಥಿಗಳಿದ್ದರು. ಅವರಿಗೆ ಮೊದಲೇ ಹೇಳಿ ಬೇರೆ ತಟ್ಟೆ ಮಾಡಿದ್ದೆವು. ಉಳಿದವರು ಇಡ್ಲಿಯನ್ನೂ ಬಿಡಲಿಲ್ಲ, ರೋಲನ್ನೂ ಉಳಿಸಲಿಲ್ಲ.

300 ಮಂದಿಯ ಮದುವೆಗೆ ಬೀಡಿನ ಕಾವಲಿ ಎಂದರೆ ನಾವೇ ಬೇಡವೆನ್ನುತ್ತೇವೆ. ನಲವತ್ತಕ್ಕೂ ಹೆಚ್ಚು ಕಾವಲಿ, ನೂರು ಕಿಲೋ ಕಬ್ಬಿಣ, ಹೊರುವವರು ಯಾರು? ಅಲ್ಲಿ ಅಲ್ಯುಮಿನಿಯಂ ಟ್ರೇಯಲ್ಲಿ ಬೇಯಿಸಿ, ಕೌಂಟರಿನಲ್ಲಿ ಎರಡು ಕಾವಲಿ ಇಟ್ಟರೆ ಸಾಕು. 60-70 ಮಂದಿಯ ತನಕ ಮಾತ್ರ ಇದು ಲಾಭದ ಬಾಬತ್ತು. ಓವನ್ ಇಲ್ಲದ ಸದಸ್ಯರು ಹತ್ತಿರದ ಪಾವ್ ಭಟ್ಟಿಯನ್ನು ನೆಚ್ಚುವುದೂ ಈಗ ಕಷ್ಟ. ಹಿಂದೆ ದೀಪಾವಳಿಗೆ ನಾನ್‌ಖಟಾಯಿ ಟ್ರೇ ಕೊಟ್ಟು ಬೇಯಿಸಿಕೊಳ್ಳುತ್ತಿದ್ದದ್ದು ಇಂಥ ಭಟ್ಟಿಗಳಲ್ಲೇ. ಕಟ್ಟಿಗೆ, ಕಲ್ಲಿದ್ದಲಿನ ಭಟ್ಟಿಗಳು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟು 2025ರ ಜನವರಿಯಲ್ಲಿ ಆದೇಶಿಸಿದ ಮೇಲೆ ಅವರದ್ದೇ ಅವರಿಗೆ ತಲೆಬಿಸಿ. ಗ್ಯಾಸಿನ ಮೇಲೆಯೇ ಮಾಡುವುದಾದರೆ ದೊಡ್ಡ ಅಲ್ಯುಮಿನಿಯಂ ಪಾತ್ರೆಯ ತಳಕ್ಕೆ ಮರಳು ಹರಡಿ, ಮೇಲೆ ಮುಕ್ಕಾಲಿ ಇಟ್ಟು, ಕಾಲು ಗಂಟೆ ಕಾಯಿಸಿ, ಕಾವಲಿ ಇಳಿಸಿ ಮುಚ್ಚಿ. ಬುಡ ಚೆನ್ನಾಗಿ ಬರುತ್ತದೆ, ಮೇಲೆ ಮಾತ್ರ ಬಣ್ಣ ಬಾರದು. ಐಸಿಂಗ್ ಅದನ್ನು ಮುಚ್ಚುತ್ತದೆ.

ಕಾವಲಿಯ ಆರೈಕೆ ನಿಮಗೆ ಗೊತ್ತಿದ್ದದ್ದೇ. ಅಂಟಿದ ಬೆಲ್ಲಕ್ಕೆ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟರೆ ತಾನೇ ಕರಗುತ್ತದೆ, ಕೆರೆಯಬೇಡಿ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ ತೆಳುವಾಗಿ ಎಣ್ಣೆ ಸವರಿ. ಬೊರಿವಲಿಯ ಜುಲೈ ತಿಂಗಳಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೂ ಬೆಳಗಾಗುವಾಗ ಕೆಂಪು ತುಕ್ಕು. ನಮ್ಮ ಒಂಬತ್ತರಲ್ಲಿ ಎರಡಕ್ಕೆ ಹಾಗಾಗಿ, ಭಟ್ಟರು ನೀರುಳ್ಳಿ ಉಜ್ಜಿ, ಎಳ್ಳೆಣ್ಣೆ ಕಾಯಿಸಿ, ಮೂರು ದಿನ ದೋಸೆ ಹೊಯ್ದು ಸರಿ ಮಾಡಿದರು. ಈಗ ಆ ಒಂಬತ್ತೂ ಅವರ ಸುಪರ್ದಿಯಲ್ಲಿವೆ, ಹುಡುಗರು ಕೇಳಿಯೇ ಮುಟ್ಟಬೇಕು. ಅದೇ ಮನೆಯವರು ಬರುವ ಡಿಸೆಂಬರಿನ ಮದುವೆಯ ಬೆಳಗಿನ ತಿಂಡಿಯನ್ನೂ ನಮಗೇ ಹೇಳಿದ್ದಾರೆ. ಮೆನುವಿನಲ್ಲಿ ರೋಲಿನ ಕೆಳಗೆ ಹುಡುಗಿ ತಾನೇ ಬರೆದು ಸೇರಿಸಿದ ಇನ್ನೊಂದು ಐಟಂ ಇದೆ, ಗೆಂಡದಡ್ಯೆ. ಅವಳಿಗೆ ಅದನ್ನು ಹೇಳಿದವರು ಯಾರು ಎಂದು ಕೇಳಿದರೆ ಭಟ್ಟರು ಉತ್ತರ ಕೊಡುವುದಿಲ್ಲ.